ಎಟಿಮಾನ್‌ಲೈನ್: ‘ಡೆಫಿಸಿಟ್’ ಬೆನ್ನು ಹತ್ತಿ ಹೋದರೆ

ಬಜೆಟ್ ಬಂತೆಂದರೆ ಪೇಪರಿನ ತುಂಬ ಇದೇ ಮಾತು: ವಿತ್ತೀಯ ಕೊರತೆ, ರಾಜಸ್ವ ಕೊರತೆ, ಖೋತಾ ಬಜೆಟ್. ಟೀವಿಯವರು ಅದೆಲ್ಲ ಬಿಟ್ಟು ನೇರವಾಗಿ ‘ಡೆಫಿಸಿಟ್’ ಅನ್ನುತ್ತಾರೆ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ದಿನಾ ಕೈಗೆ ಸಿಗುವ ಇಂಥ ಪದಗಳ ಮೂಲ ನೋಡಲು ನಾನು ತೆರೆಯುವುದು ಎಟಿಮಾನ್‌ಲೈನ್. ಇಂಗ್ಲಿಷ್ ಪದಗಳ ಹುಟ್ಟು ಹೇಳುವ ವೆಬ್‌ಸೈಟ್ ಅದು. ಹುಡುಕಲು ದುಡ್ಡು ಕೊಡಬೇಕಿಲ್ಲ, ಮೊಬೈಲ್ ಆ್ಯಪ್ ಕೂಡ ಇದೆ. ಅಮೆರಿಕದ ಡಗ್ಲಸ್ ಹಾರ್ಪರ್ ಎಂಬವರು ಇದನ್ನು ಕಟ್ಟಿದ್ದು. ಆಕ್ಸ್‌ಫರ್ಡ್ ನಿಘಂಟಿನಂಥ ದಪ್ಪ ದಪ್ಪ ಪುಸ್ತಕಗಳಲ್ಲಿ ಇರುವುದನ್ನು ಸೋಸಿ, ನಾಲ್ಕಾರು ಸಾಲಿಗೆ ಇಳಿಸಿದ್ದಾರೆ.

‘ಡೆಫಿಸಿಟ್’ ಹಾಕಿದರೆ ಮೊದಲು ಸಿಗುವುದು ಒಂದು ವರ್ಷ, 1782. ಪದ ಹುಟ್ಟಿದ ವರ್ಷ ಅಂದುಕೊಳ್ಳಬೇಡಿ. ಇಂಗ್ಲಿಷ್ ಬರಹದಲ್ಲಿ ಅದು ಮೊದಲು ಸಿಕ್ಕ ವರ್ಷ, ಅಷ್ಟೇ. ಅದಕ್ಕೂ ಮುಂಚೆ ಫ್ರೆಂಚರ ಬಳಿ ಇತ್ತು, ಅವರಿಗೆ ಲ್ಯಾಟಿನ್ನಿಂದ ಬಂದಿತ್ತು. ನನಗೆ ಖುಷಿ ಕೊಟ್ಟಿದ್ದು ಇದರ ಮುಂದಿನ ಮಾತು. ಲ್ಯಾಟಿನ್ನಿನಲ್ಲಿ ಅದು ನಾಮಪದವೇ ಅಲ್ಲ, ಕ್ರಿಯಾಪದ. ‘ಕಮ್ಮಿ ಇದೆ’, ‘ಸಾಲದು’ ಅಂತ ಅರ್ಥ. ಸಾಮಾನಿನ ಪಟ್ಟಿ ಮಾಡುವಾಗ, ಇರಬೇಕಾದ ವಸ್ತು ಇಲ್ಲದಿದ್ದರೆ ಆ ಸಾಲನ್ನು ಈ ಪದದಿಂದ ಶುರು ಮಾಡುತ್ತಿದ್ದರಂತೆ.

ಅಯ್ಯೋ, ಇದು ನಮ್ಮ ಸ್ಟಾಕ್ ರಿಜಿಸ್ಟರ್ ಅಲ್ವಾ! ಮಾರ್ಚ್ ಕೊನೆಗೆ ನಾವೂ ಗೋದಾಮಿನಲ್ಲಿ ನಿಂತು ಇದನ್ನೇ ಮಾಡುತ್ತೇವೆ. ಒಬ್ಬರು ಯೂರಿಯಾ ಮೂಟೆ ಎಣಿಸುತ್ತಾ ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಒಂದು ಕಾಲಮ್ಮಿನಲ್ಲಿ ಪುಸ್ತಕದ ಪ್ರಕಾರ ಇರಬೇಕಾದದ್ದು, ಪಕ್ಕದಲ್ಲಿ ಎಣಿಸಿದ್ದು, ಕೊನೆಯಲ್ಲಿ ಷರಾ. ತಾಳೆ ಆಗದಿದ್ದರೆ ಷರಾದಲ್ಲಿ ‘ಕಮ್ಮಿ’ ಅಂತ ಕೆಂಪು ಪೆನ್ನಿನಲ್ಲಿ ಬರೆಯುತ್ತೇವೆ. ಬಾಯಲ್ಲಿ ಮಾತ್ರ ‘ಷಾರ್ಟೇಜ್’. ಆಮೇಲೆ ಆ ಮೂಟೆ ಯಾರ ತಲೆಗೆ ಅಂತ ಜಗಳ. ದೇಶದ ಹಣಕಾಸಿನ ಇಷ್ಟು ದೊಡ್ಡ ಮಾತು ಹೀಗೆ ಷರಾ ಕಾಲಮ್ಮಿನಿಂದ ಎದ್ದು ಬಂದಿದ್ದು ನೋಡಿ ನನಗಂತೂ ಹೆಮ್ಮೆಯೇ ಆಯಿತು.

ಈ ಸೈಟಿನ ನಿಜವಾದ ರುಚಿ ಇರುವುದು ಅದರ ಕೊಂಡಿಗಳಲ್ಲಿ. ‘ಡೆಫಿಸಿಟ್’ನಿಂದ ‘ಡೆಫಿಷಿಯಂಟ್’ಗೆ ಹೋಗಿ. ಪದ ಎರಡು ತುಂಡಾಗುತ್ತದೆ. ‘ದೂರ’, ‘ಕೆಳಗೆ’ ಎನ್ನುವ ‘ಡೆ’, ‘ಮಾಡು’ ಎನ್ನುವ ‘ಫಾಕೆರೆ’. ‘ಡಿಫೆಕ್ಟ್’, ‘ಫ್ಯಾಕ್ಟರಿ’, ‘ಫ್ಯಾಕ್ಟ್’ ಎಲ್ಲ ಇದೇ ಮನೆಯವು. ‘ಫಾಕೆರೆ’ ಒತ್ತಿ ಇನ್ನೂ ಕೆಳಗಿಳಿದರೆ ‘ಇಡು’ ಎಂಬ ಅರ್ಥದ ಹಳೇ ಧಾತು ಸಿಗುತ್ತದೆ, ಲ್ಯಾಟಿನ್ನಿಗೂ ಸಂಸ್ಕೃತಕ್ಕೂ ಮೂಲವಾದ ಭಾಷೆಯದು. ಅದರ ಪಕ್ಕದಲ್ಲೇ ಸಂಸ್ಕೃತದ ‘ದಧಾತಿ’ ಕೂತಿರುತ್ತದೆ. ಹೈಸ್ಕೂಲಿನಲ್ಲಿ ಸಂಸ್ಕೃತ ಓದಿದವರಿಗೆ ಇಲ್ಲಿ ಕಿವಿ ನೆಟ್ಟಗಾಗಬೇಕು. ‘ಧಾ’ ಧಾತುವಿನಿಂದಲೇ ನಮ್ಮ ‘ನಿಧಿ’ ಬಂದದ್ದು, ‘ವಿಧಾನ’ವೂ ಬಂದದ್ದು. ಅಂದರೆ ನಿಧಿಗೂ ಡೆಫಿಸಿಟ್ಟಿಗೂ ಒಂದೇ ಬೇರು! ಕೊರತೆ ಬಜೆಟ್ ಮಂಡನೆ ಆಗುವುದು ವಿಧಾನಸೌಧದಲ್ಲೇ. ‘ಕ್ರೆಡಿಟ್’ ಹುಡುಕಿದರೂ ಹೀಗೇ, ಅಲ್ಲಿಂದ ‘ಶ್ರದ್ಧೆ’ಗೆ ದಾರಿ ಇದೆ. ರಾತ್ರಿ ಹೊತ್ತು ಇದನ್ನು ತೆರೆಯಬೇಡಿ, ನಿದ್ದೆ ಹೋಗುತ್ತದೆ.

‘ಬಜೆಟ್’ ಮೂಲದಲ್ಲಿ ಚರ್ಮದ ಚಿಕ್ಕ ಚೀಲ. ‘ಫಿಸ್ಕಲ್’ ಹಿಂದಿರುವ ಲ್ಯಾಟಿನ್ ಪದಕ್ಕೆ ಮೊದಲ ಅರ್ಥ ಬುಟ್ಟಿ, ಆಮೇಲೆ ದುಡ್ಡಿನ ಚೀಲ, ಆಮೇಲೆ ಖಜಾನೆ. ಹಾಗಾದರೆ ಫಿಸ್ಕಲ್ ಡೆಫಿಸಿಟ್ ಅಂದರೆ ಬುಟ್ಟಿಯಲ್ಲಿ ಇರುವುದು ಸಾಲದು.

ಸಾಲದ್ದು ಈ ಸೈಟಿನಲ್ಲೂ ಇದೆ. ವರ್ಷ ಕೊಡುತ್ತದೆ, ಆ ವರ್ಷದ ಸುತ್ತಮುತ್ತ ಏನು ನಡೆಯುತ್ತಿತ್ತು ಅಂತ ಹೇಳುವುದು ಕಮ್ಮಿ. 1781ರಲ್ಲಿ ಫ್ರಾನ್ಸಿನ ಹಣಕಾಸು ನೋಡಿಕೊಳ್ಳುತ್ತಿದ್ದ ನೆಕರ್, ರಾಜನ ಲೆಕ್ಕವನ್ನು ಅಚ್ಚು ಹಾಕಿಸಿ ಜನರ ಮುಂದಿಟ್ಟ. ಆಗಿನ ಫ್ರೆಂಚ್ ಹಣದಲ್ಲಿ ಒಂದು ಕೋಟಿ ಲಿವ್ರ್‌ಗಿಂತ ಜಾಸ್ತಿ ಉಳಿತಾಯ ಅಂತ ತೋರಿಸಿದ. ಯುದ್ಧದ ಖರ್ಚನ್ನು ಮಾಮೂಲಿ ಲೆಕ್ಕದಿಂದ ಹೊರಗಿಟ್ಟಿದ್ದ, ಅದೇ ಚಮತ್ಕಾರ. ಆಡಿಟ್ ಕಂಡವರಿಗೆ ಇದೇನು ಹೊಸದಲ್ಲ ಬಿಡಿ. ಕೆಲವೇ ವರ್ಷದಲ್ಲಿ ಖಜಾನೆ ಖಾಲಿ ಇರುವುದು ಬಯಲಾಯಿತು. ಜನ ರಾಣಿ ಮೇರಿ ಆಂತ್ವಾನೆತ್‌ಗೆ ‘ಮದಾಮ್ ದೆಫಿಸಿತ್’ ಅಂತಲೇ ಹೆಸರಿಟ್ಟರು. ಇಂಥ ಸ್ವಾರಸ್ಯ ಬೇಕಾದರೆ ಇತಿಹಾಸದ ಪುಸ್ತಕ ಬೇರೆಯೇ ತೆರೆಯಬೇಕು.

ಇನ್ನೊಂದು ತೊಡಕು, ವಿವರಣೆ ಎಲ್ಲ ಬಿಗಿಯಾದ ಇಂಗ್ಲಿಷಿನಲ್ಲಿದೆ, ಚುಟುಕು ಸಂಕೇತಗಳೂ ಜಾಸ್ತಿ. ಪಿಯುಸಿ ಮಕ್ಕಳಿಗೆ ಮೊದಲ ಸಲ ಪಕ್ಕದಲ್ಲಿ ಕೂತು ತೋರಿಸಬೇಕಾಗುತ್ತದೆ. ‘ಕೊರತೆ’ಯ ಮೂಲ ಇಲ್ಲಿ ಸಿಗುವುದಿಲ್ಲ, ಅದು ಇದರ ಕೆಲಸವೂ ಅಲ್ಲ. ಅದಕ್ಕೆ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟು ಇದೆ. ಷಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಅದನ್ನೂ ಪುಕ್ಕಟೆ ನೋಡಬಹುದು. ಆದರೆ ಬಳಸಲು ಎಟಿಮಾನ್‌ಲೈನಿನಷ್ಟು ಸಲೀಸಲ್ಲ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಾಮರ್ಸ್ ಪಾಠ ಮಾಡುವವರು ‘ಡೆಬಿಟ್’, ‘ಆಡಿಟ್’, ‘ಬ್ಯಾಲೆನ್ಸ್’ ಮೂರನ್ನೂ ಒಮ್ಮೆ ಹಾಕಿ ನೋಡಿ. ‘ಆಡಿಟ್’ಗೆ ಮೂಲದಲ್ಲಿ ‘ಕೇಳುವುದು’ ಅಂತ ಅರ್ಥ. ನಮ್ಮ ಆಡಿಟರ್‌ಗೆ ಹೇಳಿದೆ, ಅವರು ಕೇಳಿಸಿಕೊಳ್ಳಲಿಲ್ಲ.