ತುಮಕೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯು: ಮಾತಾಡಲಾಗದ ರೋಗಿಯ ನೋವನ್ನು ಇಲ್ಲಿ ಹೇಗೆ ನೋಡುತ್ತಾರೆ

ಗುಬ್ಬಿ ತಾಲ್ಲೂಕಿನ ನಮ್ಮೂರಿನಲ್ಲಿ ಅಡಿಕೆ ತೋಟಕ್ಕೆ ಹೊರಟಿದ್ದ ನಮ್ಮ ತಂದೆಯವರು ಕೆಸರಿನಲ್ಲಿ ಗಾಡಿ ಜಾರಿ ಬಿದ್ದು ಎಡಗಡೆಯ ನಾಲ್ಕು ಪಕ್ಕೆಲುಬು ಮುರಿದುಕೊಂಡರು. ಎದೆಯೊಳಗೆ ರಕ್ತ ತುಂಬಿದ್ದರಿಂದ ಬೆಂಗಳೂರಿನವರೆಗೆ ಕರೆದೊಯ್ಯುವಷ್ಟು ಸಮಯವಿಲ್ಲವೆಂದು ತುಮಕೂರು ನಗರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಹನ್ನೆರಡು ದಿನ ಐಸಿಯುನಲ್ಲಿದ್ದರು. ಅದರಲ್ಲಿ ಮೊದಲ ಒಂಬತ್ತು ದಿನ ವೆಂಟಿಲೇಟರ್ ಮೇಲಿದ್ದರು. ಈ ವಿಮರ್ಶೆ ಆ ಹನ್ನೆರಡು ದಿನಗಳದ್ದು. ಆಸ್ಪತ್ರೆಯ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಬೇಕೆಂದಿರುವ ಕೊರತೆ ಅದೊಂದರದ್ದೇ ಎಂದು ನನಗೆ ಅನ್ನಿಸುವುದಿಲ್ಲ.

ಮೆಚ್ಚಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ವಾರ್ಡ್ ಸ್ವಚ್ಛವಾಗಿತ್ತು. ತಜ್ಞ ವೈದ್ಯರು ಪ್ರತಿದಿನ ಬೆಳಿಗ್ಗೆ ಎಕ್ಸ್‌ರೇ ತೋರಿಸಿ ಕನ್ನಡದಲ್ಲಿಯೇ ಬಿಡಿಸಿ ಹೇಳುತ್ತಿದ್ದರು. ಬಿಲ್ಲಿನಲ್ಲಿ ಔಷಧಿ, ಪರೀಕ್ಷೆ, ಬೆಡ್ ಚಾರ್ಜು ಎಲ್ಲವೂ ಬೇರೆ ಬೇರೆಯಾಗಿ ನಮೂದಾಗಿದ್ದವು. ಜೀವ ಉಳಿಸುವ ಕೆಲಸದಲ್ಲಿ ಅವರು ಎಲ್ಲಿಯೂ ಹಿಂದೆ ಬೀಳಲಿಲ್ಲ, ಆ ಋಣ ನಮ್ಮ ಮನೆಯವರ ಮೇಲಿದೆ.

ನನ್ನ ತಕರಾರು ನೋವಿನ ಬಗ್ಗೆ. ಎರಡನೆಯ ದಿನ ಸಂಜೆ ಐದೂವರೆಗೆ ಒಳಗೆ ಬಿಟ್ಟಾಗ ಇಬ್ಬರು ಅಪ್ಪನ ಮಗ್ಗುಲು ಬದಲಿಸುತ್ತಿದ್ದರು. ಬಾಯಲ್ಲಿ ಕೊಳವೆ, ಎರಡೂ ಮುಂಗೈಗಳನ್ನು ಗಾಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಬಲಮಗ್ಗುಲಿಗೆ ಹೊರಳಿಸಿದ ಕೂಡಲೇ ಹೊದಿಕೆಯಿಂದ ಹೊರಗಿದ್ದ ಎಡಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಉಜ್ಜತೊಡಗಿತು. ಆ ಉಜ್ಜಾಟ ನನಗೆ ಹೊಸದಲ್ಲ. ಹತ್ತು ವರ್ಷದಿಂದ ಮಂಡಿನೋವಿರುವ ಅಪ್ಪ ಒಂದು ದಿನವೂ ನೋವೆಂದು ಬಾಯಿಬಿಟ್ಟು ಹೇಳಿದವರಲ್ಲ. ಜಗುಲಿಯ ಮೇಲೆ ಕೂತು ಹೀಗೆ ಬೆರಳು ಉಜ್ಜುತ್ತಿದ್ದರೆ ಅಮ್ಮ ಎದ್ದು ಎಣ್ಣೆ ಬಿಸಿ ಮಾಡಲು ಹೋಗುತ್ತಿದ್ದರು. ಡ್ಯೂಟಿಯಲ್ಲಿದ್ದವರಿಗೆ ಅದನ್ನು ಹೇಳಿದೆ. "ಅವರು ನಿದ್ದೆಯಲ್ಲಿದ್ದಾರೆ ಮೇಡಂ, ಏನೂ ಗೊತ್ತಾಗಲ್ಲ. ಬಿಪಿ, ಪಲ್ಸ್ ಎಲ್ಲ ನಾರ್ಮಲ್ ಇದೆ ನೋಡಿ" ಎಂದು ಮಾನಿಟರ್ ಕಡೆ ಕೈ ತೋರಿಸಿದರು.

ಸದುದ್ದೇಶದಿಂದಲೇ ಹೇಳಿದ ಆ ಮಾತಿನಲ್ಲಿ ಎರಡು ತಪ್ಪುಗಳಿವೆ ಎಂಬುದು ಆಮೇಲೆ ಓದಿಕೊಂಡಾಗ ತಿಳಿಯಿತು. ಜೀವಶಾಸ್ತ್ರ ಕಲಿಸುವವಳಾದರೂ ನನಗೂ ಅಲ್ಲಿಯವರೆಗೆ ಇದು ಗೊತ್ತಿರಲಿಲ್ಲ. ಅಪ್ಪನಿಗೆ ಪಂಪಿನಲ್ಲಿ ಹೋಗುತ್ತಿದ್ದದ್ದು ಮಿಡಜೋಲಮ್. ಅದು ಮಂಪರು ತರುತ್ತದೆ, ನೆನಪನ್ನು ಮಸುಕು ಮಾಡುತ್ತದೆ, ಆದರೆ ನೋವನ್ನು ಕಡಿಮೆ ಮಾಡುವ ಗುಣ ಅದಕ್ಕಿಲ್ಲ. ನೋವಿಗೆ ಫೆಂಟನಿಲ್ ಅಥವಾ ಮಾರ್ಫೀನ್‌ನಂಥ ಔಷಧವನ್ನು ಬೇರೆಯಾಗಿಯೇ ಕೊಡಬೇಕು. ಇನ್ನು ಬಿಪಿ, ಪಲ್ಸಿನ ಮಾತು. ಅಮೆರಿಕದ ತೀವ್ರ ನಿಗಾ ತಜ್ಞರ ಸಂಘ 2018ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಹೃದಯ ಬಡಿತ, ರಕ್ತದೊತ್ತಡ, ಉಸಿರಾಟದ ವೇಗಗಳನ್ನು ನೋಡಿ ನೋವಿದೆ ಅಥವಾ ಇಲ್ಲ ಎಂದು ತೀರ್ಮಾನಿಸುವಂತಿಲ್ಲ. ಅವು ಏರುಪೇರಾದರೆ, ಸರಿಯಾದ ವಿಧಾನದಲ್ಲಿ ನೋವನ್ನು ಪರೀಕ್ಷಿಸಲು ಅದೊಂದು ಸೂಚನೆ, ಅಷ್ಟೇ. ಜ್ವರ, ರಕ್ತಸ್ರಾವ, ಬಿಪಿ ಏರಿಸುವ ಔಷಧ ಇವೆಲ್ಲವೂ ಅದೇ ಅಂಕಿಗಳನ್ನು ಎಳೆದಾಡುತ್ತಿರುತ್ತವೆ.

ಸರಿಯಾದ ವಿಧಾನ ಯಾವುದೆಂದು ನನಗೆ ತೋರಿಸಿಕೊಟ್ಟದ್ದು ಇದೇ ಆಸ್ಪತ್ರೆಯ ಒಬ್ಬ ಹಿರಿಯ ಸಿಸ್ಟರ್. ನಾಲ್ಕನೆಯ ದಿನ ರಜೆ ಮುಗಿಸಿ ಬಂದ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ತಂದೆಯವರಿಗೆ ನೋವಾದಾಗ ಮನೇಲಿ ಏನು ಮಾಡ್ತಿದ್ರು?" ಎಂಬುದು. ಹೆಬ್ಬೆರಳಿನ ವಿಷಯ ಹೇಳಿದೆ. ಅವರು ಅದನ್ನು ಚಾರ್ಟಿನ ಅಂಚಿನಲ್ಲಿ ಬರೆದುಕೊಂಡು, ನಂತರ ಒಂದು ಮುದ್ರಿತ ಹಾಳೆ ತೆಗೆದರು. ಅದು ಕೆನಡಾದ ಸೆಲೀನ್ ಜೆಲಿನಾ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಸಿಪಿಒಟಿ ಎಂಬ ಅಳತೆ. ಮುಖಭಾವ, ದೇಹದ ಚಲನೆ, ಸ್ನಾಯುಗಳ ಬಿಗಿತ, ವೆಂಟಿಲೇಟರ್‌ನೊಂದಿಗಿನ ಹೊಂದಾಣಿಕೆ ಎಂಬ ನಾಲ್ಕಕ್ಕೆ ತಲಾ 0ಯಿಂದ 2ರವರೆಗೆ ಅಂಕ, ಒಟ್ಟು 8. ಮೊತ್ತ 3 ಅಥವಾ ಅದಕ್ಕಿಂತ ಹೆಚ್ಚಾದರೆ ರೋಗಿಗೆ ಗಮನಿಸಲೇಬೇಕಾದ ನೋವಿದೆಯೆಂದು ಎಣಿಸುತ್ತಾರೆ. ಕೊಳವೆ ತೆಗೆದ ಮೇಲೆ ವೆಂಟಿಲೇಟರ್ ಬದಲು ನರಳಾಟದಂಥ ಧ್ವನಿಗೆ ಅಂಕ ಕೊಡುತ್ತಾರೆ. ಫ್ರಾನ್ಸಿನಲ್ಲಿ 2001ರಲ್ಲಿ ರೂಪುಗೊಂಡ ಬಿಪಿಎಸ್ ಎಂಬ ಇನ್ನೊಂದು ಅಳತೆಯೂ ಇದೆ, ಅದರಲ್ಲಿ ಅಂಕ 3ರಿಂದ 12ರವರೆಗೆ. ಯಾವುದನ್ನು ಬಳಸಿದರೂ ನಡೆಯುತ್ತದೆ, ಯಾವುದನ್ನೂ ಬಳಸದಿರುವುದು ಮಾತ್ರ ಸಲ್ಲದು.

ಅವರು ಅದನ್ನು ಮಾಡಿದ ರೀತಿಯನ್ನು ನಾನು ಹತ್ತಿರದಿಂದ ನೋಡಿದೆ. ಮೊದಲು ಅಪ್ಪನನ್ನು ಮುಟ್ಟದೆ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಸುಮ್ಮನೆ ನೋಡುತ್ತಾ ನಿಂತರು. ಕಟ್ಟಿದ ಕೈ ತನಗೆ ಬೇಕಾದ ಹಾಗೆ ಅಲುಗಾಡಲಾರದು, ಅಲುಗಾಡದ ಕೈ ನೋವಿನ ಸುದ್ದಿ ಹೇಳಲಾರದು ಎಂದು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಲಗೈಯ ಬಟ್ಟೆ ಬಿಚ್ಚಿದ್ದರು. ಸುಮ್ಮನೆ ಮಲಗಿದ್ದಾಗ ಅಂಕ 1. ಆಮೇಲೆ ಮಗ್ಗುಲು ಬದಲಿಸಿದರು. ಕಣ್ಣು ಬಿಗಿಯಾಗಿ ಮುಚ್ಚಿ ಮುಖ ಕಿವುಚಿತು, 2; ಬಲಗೈ ನಿಧಾನವಾಗಿ ಎಡ ಪಕ್ಕೆಯ ಕಡೆಗೆ ಸರಿಯಿತು, 1; ವೆಂಟಿಲೇಟರ್ ಒಮ್ಮೆ ಕೂಗಿ ತಾನಾಗಿ ನಿಂತಿತು, 1; ಕೊನೆಯಲ್ಲಿ ಮೊಣಕೈ ಮಡಚಿ ಬಿಡಿಸಿ ನೋಡಿದಾಗ ತೋಳು ಸ್ವಲ್ಪ ಸೆಟೆದಿತ್ತು, 1. ಒಟ್ಟು 5. ಕಾಲಿನ ಹೆಬ್ಬೆರಳು ಆ ಹಾಳೆಯ ಯಾವ ಮನೆಯಲ್ಲೂ ಇರಲಿಲ್ಲವಾದರೂ ಅವರ ಕಣ್ಣು ಅದರ ಮೇಲೂ ಇತ್ತು. ಡಾಕ್ಟರಿಗೆ ಫೋನು ಮಾಡಿ 5 ಎಂದು ಹೇಳಿದರು. ನಾನು ಎರಡು ದಿನ "ಅಪ್ಪನಿಗೆ ನೋವಾಗ್ತಿದೆ" ಎಂದದ್ದಕ್ಕೆ ಸಿಗದ ಫೆಂಟನಿಲ್, ಆ ಒಂದು ಅಂಕಿಗೆ ಹತ್ತು ನಿಮಿಷದಲ್ಲಿ ಸಿಕ್ಕಿತು. ಮುಂದಿನ ಸರದಿಯಲ್ಲಿ ಔಷಧ ಕೊಟ್ಟು, ಅದು ಹಿಡಿಯುವವರೆಗೆ ಕಾದು ಮಗ್ಗುಲು ಬದಲಿಸಿದಾಗ ಅಂಕ 2. ಹೆಬ್ಬೆರಳು ಸುಮ್ಮನಿತ್ತು.

ಈ ಅಳತೆಗೂ ಮಿತಿಯಿದೆಯೆಂದು ಅವರೇ ಹೇಳಿದರು. ಮೊದಲ ದಿನ ಅಪ್ಪ ವೆಂಟಿಲೇಟರ್ ಜೊತೆ ಗುದ್ದಾಡುತ್ತಿದ್ದರೆಂದು ಸ್ನಾಯುಗಳನ್ನು ಪೂರ್ತಿ ಸಡಿಲಗೊಳಿಸುವ ಔಷಧ ಕೊಟ್ಟಿದ್ದರಂತೆ. ಆಗ ಹುಬ್ಬು ಕೂಡ ಅಲುಗುವುದಿಲ್ಲ, ಅಂಕ ಹಾಕಲು ಏನೂ ಉಳಿದಿರುವುದಿಲ್ಲ, ಆದರೆ ನೋವು ಮಾತ್ರ ಇದ್ದಲ್ಲೇ ಇರಬಹುದು. ಅಂಥ ಹೊತ್ತಿನಲ್ಲಿ ನೋವಿದೆಯೆಂದೇ ಭಾವಿಸಿ ಮೊದಲೇ ನೋವಿನ ಔಷಧ ಮತ್ತು ಗಾಢ ಮಂಪರು ಕೊಡಬೇಕು. "ಈಗ ಆರಾಮಾಗಿದ್ದಾರೆ" ಎಂದು ಆ ದಿನ ನಮಗೆ ಹೇಳಿದ್ದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ತಲೆಗೆ ಪೆಟ್ಟಾದವರಲ್ಲಿ ಮುಖ ಕಿವುಚುವುದೇ ಕಡಿಮೆ. ತಟ್ಟನೆ ಕಣ್ಣು ತೆರೆಯುವುದು, ಕಣ್ಣೀರು, ಮುಖ ಕೆಂಪಾಗುವುದು ಇಂಥವನ್ನೂ ಅವರಲ್ಲಿ ಗಮನಿಸಬೇಕಂತೆ.

ರೋಗಿಗೆ ಸ್ವಲ್ಪವಾದರೂ ಎಚ್ಚರವಿದ್ದರೆ ಮೊದಲು ಅವರನ್ನೇ ಕೇಳಬೇಕು ಎಂಬುದು ಆ ಸಿಸ್ಟರ್ ಪಾಲಿಸುತ್ತಿದ್ದ ಇನ್ನೊಂದು ಕ್ರಮ. ಪಕ್ಕದ ಬೆಡ್ಡಿನಲ್ಲಿ ಪಾವಗಡದ ಕಡೆಯ ಅಜ್ಜಿಯೊಬ್ಬರಿದ್ದರು, ಮನೆಮಾತು ತೆಲುಗು. "ನೋವಿದೆಯಾ" ಎಂದರೆ ಮಿಸುಕದ ಅವರು "ನೊಪ್ಪಿ ಉಂದಾ ಅವ್ವಾ" ಎಂದ ಕೂಡಲೇ ತಲೆಯಾಡಿಸಿದರು. ಆ ಮೂರು ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಮಂಚದ ತಲೆಯ ಬಳಿ ಅಂಟಿಸಿದ್ದರು. ಇಷ್ಟು ಭಾಷೆಗಳ ಜಿಲ್ಲೆಯಲ್ಲಿ ಇದನ್ನು ಎಲ್ಲ ಆಸ್ಪತ್ರೆಗಳೂ ಮಾಡಬಹುದು, ಖರ್ಚೇನೂ ಇಲ್ಲ.

ಹತ್ತನೆಯ ದಿನ ಎದೆಯ ಟ್ಯೂಬ್ ತೆಗೆದರು. ಐಸಿಯುನಲ್ಲಿ ಅತಿ ಹೆಚ್ಚು ನೋವು ಕೊಡುವ ಕೆಲಸಗಳಲ್ಲಿ ಅದೂ ಒಂದು. ಸಿಸ್ಟರ್ ಮೊದಲೇ ಇಂಜೆಕ್ಷನ್ ಕೊಡಿಸಿ ಕಾಯಿಸಿದ್ದರಿಂದ ಅಪ್ಪ ಅದನ್ನು ತಡೆದುಕೊಂಡರು. ಹತ್ತರಲ್ಲಿ ಎಷ್ಟು ನೋವು ಎಂದು ಕೇಳಿದಾಗ ನಾಲ್ಕು ಬೆರಳು ತೋರಿಸಿದರು.

ಇಷ್ಟಾದರೂ ನಾನು ಪೂರ್ತಿ ಅಂಕ ಕೊಡಲಾರೆ, ಅದಕ್ಕೆ ಕಾರಣ ರಾತ್ರಿ ಪಾಳಿ. ಡಿಸ್ಚಾರ್ಜಿಗೆ ಮುನ್ನ ಅನುಮತಿ ಪಡೆದು ಚಾರ್ಟ್ ನೋಡಿದೆ. ಹಗಲಿನ ಮನೆಗಳಲ್ಲಿ 1, 4, 2 ಎಂದು ಬೇರೆ ಬೇರೆ ಅಂಕಿಗಳು, ಬೇರೆ ಬೇರೆ ಸಹಿಗಳು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನ ಮನೆಗಳಲ್ಲಿ ಒಂದೇ ಪೆನ್ನಿನಿಂದ, ಒಂದೇ ಓರೆಯಲ್ಲಿ, ಮೇಲಿಂದ ಕೆಳಗೆ ಒಂದೇ ಉಸಿರಿಗೆ ಬರೆದಂಥ ಸೊನ್ನೆಗಳು. ನಾಲ್ಕು ಪಕ್ಕೆಲುಬು ಮುರಿದವರಿಗೆ ಕತ್ತಲಾದ ಕೂಡಲೇ ನೋವು ಸೊನ್ನೆಯಾಗುವುದಿಲ್ಲ. ಆ ಪಾಳಿಯಲ್ಲಿ ಒಬ್ಬೊಬ್ಬರ ಮೇಲೆ ನಾಲ್ಕು ರೋಗಿಗಳ ಹೊರೆಯಿದ್ದದ್ದು ನನಗೆ ಗೊತ್ತು, ಆದ್ದರಿಂದ ನನ್ನ ದೂರು ಆ ಹುಡುಗಿಯರ ಮೇಲಲ್ಲ, ಅಷ್ಟೇ ಜನರನ್ನು ಇಟ್ಟುಕೊಂಡ ಆಡಳಿತದ ಮೇಲೆ.

ಇಲ್ಲಿ ರೋಗಿಯನ್ನು ಸೇರಿಸುವವರು ಮೊದಲ ದಿನವೇ ಕೇಳಬೇಕಾದದ್ದು ಇಷ್ಟು: ನೋವಿಗೆ ಯಾವ ಅಳತೆ ಬಳಸುತ್ತೀರಿ, ಎಷ್ಟು ಗಂಟೆಗೊಮ್ಮೆ, ಮಂಪರಿನ ಔಷಧದ ಜೊತೆ ನೋವಿನ ಔಷಧವೂ ಹೋಗುತ್ತಿದೆಯೇ. ನಿಮ್ಮವರು ನೋವಾದಾಗ ಏನು ಮಾಡುತ್ತಾರೆಂಬುದನ್ನು ಅವರು ಕೇಳದಿದ್ದರೂ ಹೇಳಿ, ಬರೆಸಿ.

ಚಿಕಿತ್ಸೆಗೆ ಐದು, ಹಗಲಿನ ಶುಶ್ರೂಷೆಗೆ ಐದು, ರಾತ್ರಿಗೆ ಒಂದು. ಒಟ್ಟಾರೆ ಐದಕ್ಕೆ ಮೂರು ನಕ್ಷತ್ರ. ರಾತ್ರಿಯ ಸೊನ್ನೆಗಳ ಬಗ್ಗೆ ಆಡಳಿತಾಧಿಕಾರಿಗೆ ಲಿಖಿತವಾಗಿ ದೂರು ಕೊಟ್ಟಿದ್ದೇನೆ, ಸ್ವೀಕೃತಿ ಸಿಕ್ಕಿದೆ. ಉತ್ತರ ಬಂದರೆ ಇಲ್ಲಿಯೇ ಸೇರಿಸುತ್ತೇನೆ.