ಒಬ್ಬಳೇ ಹೋಗಿ ಬರಲು: ನಂದಿಯೋ, ಸಾವನದುರ್ಗವೋ, ಶಿವಗಂಗೆಯೋ?

ಮೊದಲೇ ಹೇಳಿಬಿಡುತ್ತೇನೆ, ಬೆಂಗಳೂರಿನ ಹತ್ತಿರದ ಈ ಮೂರು ಬೆಟ್ಟಗಳಲ್ಲಿ ನನ್ನ ಓಟು ಶಿವಗಂಗೆಗೆ. ಉಳಿದೆರಡು ಬೆಟ್ಟಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಂದಿಗೆ ಹೋಗಲು ಕೊಟ್ಟ 1,299 ರೂಪಾಯಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗೆಳತಿಯರ ಜೊತೆ ಪ್ಲಾನ್ ಮಾಡಿ ಮಾಡಿ ಸಾಕಾಗಿ, ಇನ್ನು ಒಬ್ಬಳೇ ಹೋಗುವುದು ಅಂತ ತೀರ್ಮಾನ ಮಾಡಿದ್ದೆ. ಮೊದಲ ಸಲ ಧೈರ್ಯ ಸಾಲಲಿಲ್ಲ. ಟ್ರೆಕ್ಕಿಂಗ್ ತಂಡವೊಂದರ ಸೂರ್ಯೋದಯದ ಪ್ಯಾಕೇಜ್ ತೆಗೆದುಕೊಂಡೆ. ರಾತ್ರಿ ಎರಡೂವರೆಗೆ ಬರುತ್ತೇವೆ ಅಂದವರ ವ್ಯಾನ್ ಬಂದದ್ದು ನಾಲ್ಕಕ್ಕೆ. ಭಾನುವಾರ ಬೇರೆ. ಬೆಟ್ಟದ ರಸ್ತೆ ತುಂಬ ಕಾರು, ಬೈಕು. ಸೂರ್ಯ ವ್ಯಾನಿನ ಎಡಗಡೆ ಕಿಟಕಿಯಲ್ಲಿ ಹುಟ್ಟಿದ, ನಾನು ಬಲಗಡೆ ಸೀಟಿನಲ್ಲಿದ್ದೆ. ಮೇಲೆ ಟಿಪ್ಪು ಡ್ರಾಪ್ ಅನ್ನುವ ಪ್ರಪಾತದ ಹತ್ತಿರ ಗುರುತಿಲ್ಲದ ಹನ್ನೊಂದು ಜನರ ಜೊತೆ ಗ್ರೂಪ್ ಫೋಟೊ ಆಯಿತು. ಯೋಗನಂದೀಶ್ವರ ದೇವಸ್ಥಾನ ನೋಡಿ ಬರುತ್ತೇನೆ ಅಂದರೆ, "ಮೇಡಂ, ಒಂಬತ್ತಕ್ಕೆ ವ್ಯಾನ್ ಹತ್ರ ಇರ್ಬೇಕು" ಅಂದರು. ಒಬ್ಬಳೇ ಇರಬೇಕೆಂದು ದುಡ್ಡು ಕೊಟ್ಟು ಶಾಲಾ ಪ್ರವಾಸಕ್ಕೆ ಹೋದ ಹಾಗಾಯಿತು.

ಆಮೇಲೊಮ್ಮೆ ಬುಧವಾರ ರಜೆ ಹಾಕಿ ನಂದಿಗೇ ಹೋದೆ. ಸುಲ್ತಾನಪೇಟೆ ಕಡೆಯಿಂದ ಮೆಟ್ಟಿಲು ಹತ್ತಿದೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು, ಆದರೆ ನೆರಳಿದೆ, ತಣ್ಣನೆ ಗಾಳಿಯಿದೆ. 1,478 ಮೀಟರ್ ಎತ್ತರ ಅಂದರೆ ಸುಮ್ನೆ ಅಲ್ಲ. ಇಳಿದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತಿದ್ದೆ. ನಿಜ ಹೇಳಬೇಕೆಂದರೆ ಬೆಟ್ಟಕ್ಕಿಂತ ಆ ಅರ್ಧ ಗಂಟೆಯೇ ಹೆಚ್ಚು ಇಷ್ಟವಾಯಿತು. ಆದರೆ ಏದುಸಿರು ಬಿಡುತ್ತಾ ತುದಿ ಮುಟ್ಟಿದಾಗ, ಅಲ್ಲೇ ಕಾರಿನಿಂದ ಇಳಿದವರು ಚಿಪ್ಸ್ ತಿನ್ನುತ್ತಾ ನಿಂತಿದ್ದರೆ ಹತ್ತಿದ ಖುಷಿ ಅರ್ಧ ಇಳಿದುಹೋಗುತ್ತದೆ. ಮಹಾಲಕ್ಷ್ಮಿ ಲೇಔಟ್‌ನಲ್ಲಿರುವ ನನಗೆ ಟ್ರಾಫಿಕ್‌ನಲ್ಲಿ ಹೆಬ್ಬಾಳ ದಾಟುವುದೇ ಒಂದು ಬೆಟ್ಟ, ಅದೂ ಒಂದು ಕಾರಣ.

ಸಾವನದುರ್ಗ ಚೆಂದ. ಆದರೆ ಒಬ್ಬಳಿಗೆ ಬೇಡ. ಅದು ಇಡೀ ಒಂದೇ ಬಂಡೆ. ಮೆಟ್ಟಿಲಿಲ್ಲ, ಕಂಬಿಯಿಲ್ಲ, ಬಂಡೆಯ ಮೇಲೆ ಬಳಿದ ಬಾಣದ ಗುರುತು ನೋಡಿಕೊಂಡು ಹತ್ತಬೇಕು. ಗುರುತು ತಪ್ಪಿ ಹತ್ತು ನಿಮಿಷ ಬಂಡೆಯ ಮಧ್ಯೆ ನಿಂತಾಗ ಕೂಗಿದರೆ ಕೇಳಿಸುವಷ್ಟು ಹತ್ತಿರ ಯಾರೂ ಇರಲಿಲ್ಲ. ಇಳಿಯುವಾಗ ಮಂಡಿ ಮಾತಾಡಿತು. ಜೊತೆಗೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್, ಮಾಗಡಿಯಿಂದ ಮುಂದಕ್ಕೆ ಹೋಗಿ ಬರುವ ಆಟೋ ಬಾಡಿಗೆ.

ಈಗ ಶಿವಗಂಗೆ. ಗೊರಗುಂಟೆಪಾಳ್ಯದಲ್ಲಿ ಬೆಳಿಗ್ಗೆ ತುಮಕೂರು ಬಸ್ ಹತ್ತುತ್ತೇನೆ. ಹತ್ತುವ ಮೊದಲೇ "ಡಾಬಸ್‌ಪೇಟೆ ಸ್ಟಾಪ್ ಕೊಡ್ತೀರಾ?" ಅಂತ ಕೇಳಬೇಕು, ನಾನ್‌ಸ್ಟಾಪ್ ಹತ್ತಿಬಿಟ್ಟರೆ ಕೆಟ್ಟಿರಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ನನಗೆ ಟಿಕೆಟ್ ಖರ್ಚಿಲ್ಲ. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್ ಕೈಗೆ. ಡಾಬಸ್‌ಪೇಟೆಯಿಂದ ಬೆಟ್ಟದ ಬುಡಕ್ಕೆ ಶೇರ್ ಆಟೋ. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹಾವಿನ ಹಾಗೆ ಈ ಬೆಟ್ಟ ಕಾಣುತ್ತದಂತೆ. ಆಟೋದಲ್ಲಿ ಐದು ಜನರ ಮಧ್ಯೆ ಸಿಕ್ಕಿಕೊಂಡ ನನಗೆ ಇಲ್ಲಿಯವರೆಗೆ ಬೆಟ್ಟದ ಹಾಗೇ ಕಂಡಿದೆ.

ದಾರಿ ತಪ್ಪುವ ಮಾತೇ ಇಲ್ಲ. ಗಂಗಾಧರೇಶ್ವರನ ಗುಡಿವರೆಗೆ ಮೆಟ್ಟಿಲು ಸಲೀಸು. ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆ ಅನ್ನುತ್ತಾರಲ್ಲ, ಆ ಗುಡಿ. ಅಲ್ಲಿಂದ ಮೇಲಕ್ಕೆ ಬಂಡೆಯಲ್ಲಿ ಕಡಿದ ಕಡಿದಾದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಹನ್ನೊಂದು ಗಂಟೆ ಮೇಲೆ ಆ ಕಂಬಿ ಕಾದ ಹೆಂಚು. ಮಜ್ಜಿಗೆ, ಸೌತೆಕಾಯಿ ಮಾರುವವರು ದಾರಿಯುದ್ದಕ್ಕೂ ಸಿಗುತ್ತಾರೆ.

ಕಿರಿಕಿರಿ ಇರುವುದು ಒಂದೇ, ಆದರೆ ದೊಡ್ಡದು. ಕೋತಿ.

ಕೋತಿ ಎಲ್ಲ ಕಡೆ ಇರುತ್ತದೆ ಅನ್ನಬೇಡಿ. ಇಲ್ಲಿಯವು ಮುಖ ನೋಡುವುದಿಲ್ಲ, ನೇರ ಬ್ಯಾಗ್ ನೋಡುತ್ತವೆ. ನನ್ನ ಬ್ಯಾಗಿನ ಪಕ್ಕದ ಜೇಬಿನಲ್ಲಿ ಮಾವಿನ ಜ್ಯೂಸಿನ ಬಾಟಲಿ ಇತ್ತು. ಕಂಬಿಯ ಮೇಲೆ ಎತ್ತಲೋ ನೋಡುತ್ತಾ ಕೂತಿದ್ದ ಕೋತಿ ನಾನು ಎರಡು ಮೆಟ್ಟಿಲು ಮುಂದೆ ಹೋಗುವವರೆಗೆ ಸುಮ್ಮನಿತ್ತು. ಆಮೇಲೆ ಬೆನ್ನು ಸ್ವಲ್ಪ ಭಾರವಾದ ಹಾಗಾಯಿತು, ಮರುಕ್ಷಣ ಹಗುರ. ತಿರುಗಿದರೆ ಬಾಟಲಿ ಅದರ ಕೈಯಲ್ಲಿ. ಮುಚ್ಚಳ ತಿರುಗಿಸುವ ಗೋಜಿಗೇ ಹೋಗದೆ ತಳಕ್ಕೆ ಹಲ್ಲು ಹಾಕಿ ತೂತು ಮಾಡಿ, ಬಾಟಲಿ ಎತ್ತಿ ಬಾಯಿಗೆ ಬಿಟ್ಟುಕೊಂಡಿತು.

ಜ್ಯೂಸ್ ಹೋದರೆ ಹೋಗಲಿ. ತೊಂದರೆ ಶುರುವಾದದ್ದು ಒಳಕಲ್ಲು ತೀರ್ಥದಲ್ಲಿ. ಅಲ್ಲಿ ಕಲ್ಲಿನ ಕಿಂಡಿಯೊಳಗೆ ಭುಜದವರೆಗೆ ಕೈ ಇಳಿಸಿ ನೀರು ಮುಟ್ಟಬೇಕು. ಪುಣ್ಯ ಮಾಡಿದವರಿಗೆ ಸಿಗುತ್ತದೆ ಎಂಬ ನಂಬಿಕೆ. ಬ್ಯಾಗ್ ಎದೆಗೆ ಹಾಕಿಕೊಂಡರೆ ಬಗ್ಗಲು ಆಗುವುದಿಲ್ಲ. ಬೆನ್ನಿಗೆ ಹಾಕಿಕೊಂಡರೆ ಮತ್ತೆ ಕೋತಿ. ಕೆಳಗಿಟ್ಟರಂತೂ ಮುಗಿಯಿತು, ಅದರಲ್ಲಿ ಮೊಬೈಲ್, ಮನೆ ಬೀಗದ ಕೈ ಎಲ್ಲ ಇದೆ. ಇಬ್ಬರು ಬಂದಿದ್ದರೆ ಇದು ಸಮಸ್ಯೆಯೇ ಅಲ್ಲ ನೋಡಿ. ಒಬ್ಬಳೇ ಓಡಾಡುವುದರಲ್ಲಿ ಭಯಕ್ಕಿಂತ ಜಾಸ್ತಿ ಕಾಡುವುದು ಇದೇ, ಬ್ಯಾಗ್ ಯಾರು ಹಿಡಿದುಕೊಳ್ಳುತ್ತಾರೆ ಅನ್ನುವುದು. ಶೌಚಾಲಯಕ್ಕೆ ಹೋಗುವಾಗಲೂ ಇದೇ ಕಥೆ.

ಹಿಂದೆ ಸಾಲಿನಲ್ಲಿದ್ದ ಅಜ್ಜಿ ನೋಡಿ ನೋಡಿ, "ಕೊಡವ್ವ, ನಾನ್ ಇಡ್ಕಂಡಿರ್ತೀನಿ" ಅಂದರು. ಕೊಟ್ಟು ಬಗ್ಗಿದೆ. ನೀರು ಸಿಗಲಿಲ್ಲ. ಕತ್ತು ಹೊರಳಿಸಿ ಬ್ಯಾಗ್ ಕಡೆ ನೋಡಿದ್ದು ಅಜ್ಜಿಗೆ ಕಂಡುಬಿಟ್ಟಿತು. "ಬ್ಯಾಗಿನ್ ಮ್ಯಾಲೇ ಗ್ಯಾನ ಮಡಿಕಂಡ್ರೆ ನೀರ್ ಎಲ್ ಸಿಕ್ತದವ್ವ?" ನಾಚಿಕೆಯಾಯಿತು. ಎರಡನೇ ಸಲ ಭುಜ ಒತ್ತಿ ಇಳಿಸಿದೆ, ಬೆರಳ ತುದಿಗೆ ತಣ್ಣಗೆ ತಾಕಿತು.

ತುದಿಯಲ್ಲಿ ನಂದಿಯ ವಿಗ್ರಹವಿದೆ. ಅಲ್ಲೇ ಶಾಂತಲಾ ಡ್ರಾಪ್ ಅನ್ನುವ ಪ್ರಪಾತ. ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ಶಿವಗಂಗೆಯಲ್ಲೇ. ಅಲ್ಲಿ ಮುಕ್ಕಾಲು ಗಂಟೆ ಕೂತೆ. ಯಾರೂ ವ್ಯಾನ್ ಹತ್ತಿರ ಬನ್ನಿ ಅನ್ನಲಿಲ್ಲ.

ಆಟೋ, ತಿಂಡಿ, ಮಜ್ಜಿಗೆ, ಹಣ್ಣುಕಾಯಿ ಎಲ್ಲ ಸೇರಿ ಖರ್ಚು ಮುನ್ನೂರು ದಾಟಲಿಲ್ಲ. ನಾಲ್ಕು ಗಂಟೆಗೆ ಮನೆಯಲ್ಲಿದ್ದೆ. ನಿಮ್ಮ ಹತ್ತಿರ ಬೈಕ್ ಇದ್ದು, ವಾರದ ಮಧ್ಯೆ ರಜೆ ಸಿಗುವ ಹಾಗಿದ್ದರೆ ನಂದಿಗೆ ಹೋಗಿ. ಜೊತೆಗೆ ಒಬ್ಬರಿದ್ದು ಮಂಡಿ ಗಟ್ಟಿಯಿದ್ದರೆ ಸಾವನದುರ್ಗ. ಬಸ್ಸಿನಲ್ಲಿ ಓಡಾಡುವ, ಭಾನುವಾರ ಮಾತ್ರ ಬಿಡುವಿರುವ ನನ್ನಂಥವರಿಗೆ ಶಿವಗಂಗೆಯೇ. ಮುಂದಿನ ಸಲಕ್ಕೆ ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ಚೀಲವೊಂದನ್ನು ಹೊಲಿಯಲು ಕೊಟ್ಟಿದ್ದೇನೆ, ಮೊಬೈಲ್ ಮತ್ತು ಬೀಗದ ಕೈ ಹಿಡಿಸುವಷ್ಟು.