ಎಳೆಯ ಹೊಗೆ, ಮುದಿ ಪೀಪಾಯಿ

ಮೂವತ್ತು ವರ್ಷ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕಳೆದ ನನಗೆ ಆಸ್ಪತ್ರೆಯನ್ನು ನೆನಪಿಸುವ ಫೀನಾಲ್ ವಾಸನೆ ಎಂದರೆ ಕೆಲಸದ ದಿನಗಳ ನೆನಪು. ಅದನ್ನೇ ದುಡ್ಡು ಕೊಟ್ಟು ಮೂಗಿಗೆ ಹಿಡಿದುಕೊಳ್ಳುವ ಕಾಲ ಬರುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಈಗ ಮೇಜಿನ ಮೇಲೆ ನಾಲ್ಕು ಪುಟ್ಟ ಶೀಶೆಗಳಿವೆ. ನಾಲ್ಕೂ ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ವಿಸ್ಕಿಗಳು, ಅಂದರೆ ಒಂದೇ ಡಿಸ್ಟಿಲರಿಯಲ್ಲಿ (ಬಟ್ಟಿ ಇಳಿಸುವ ಕಾರ್ಖಾನೆಯಲ್ಲಿ) ಮೊಳಕೆ ಬಾರ್ಲಿಯಿಂದ ಆದವು. ಪೀಟ್ ಎಂಬ ಜೌಗುನೆಲದ ಮಣ್ಣನ್ನು ಸುಟ್ಟ ಹೊಗೆ ಇವಕ್ಕೆ ಹತ್ತಿದೆ, ಆ ಹೊಗೆಯಲ್ಲಿರುವುದು ಇದೇ ಫೀನಾಲ್. ನಾಲ್ಕಕ್ಕೂ ಇನ್ನೂ ಹತ್ತು ವರ್ಷ ತುಂಬಿಲ್ಲ. ಇವನ್ನು ಬಾಟಲಿಗೆ ಇಳಿಸಿದವರು ಡಿಸ್ಟಿಲರಿಯವರಲ್ಲ, ಪೀಪಾಯಿಗಳನ್ನು ಕೊಂಡು ತಮ್ಮ ಚೀಟಿ ಅಂಟಿಸಿ ಮಾರುವ ಸ್ವತಂತ್ರ ವರ್ತಕರು. ಆ ದೇಶದಲ್ಲಿ ಇದು ಹಳೆಯ ಕಸುಬು. ಕೇಡನ್‌ಹೆಡ್ಸ್ ಸಂಸ್ಥೆ ಹುಟ್ಟಿದ್ದು 1842ರಲ್ಲಿ, ಎಲ್ಗಿನ್ ಪಟ್ಟಣದ ಗಾರ್ಡನ್ ಅಂಡ್ ಮ್ಯಾಕ್‌ಫೈಲ್ 1895ರಲ್ಲಿ. ಅವರ ಮುಂದೆ 1988ರ ಸಿಗ್ನೇಟರಿ ಇನ್ನೂ ಚಿಕ್ಕ ಹುಡುಗ.

ಶೀಶೆಗಳನ್ನು ಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಡಿಸ್ಟಿಲರಿ, ವಯಸ್ಸು, ಪೀಪಾಯಿ, ಆಲ್ಕೋಹಾಲಿನ ಪ್ರಮಾಣ ಎಲ್ಲವನ್ನೂ ಕೈಯಲ್ಲಿ ಬರೆದು ಅಂಟಿಸಿದ್ದ. ವರ್ತಕರ ಹೆಸರನ್ನು ಮಾತ್ರ ಬಿಟ್ಟಿದ್ದ. "ಹೆಸರು ನೋಡಿದರೆ ನಿಮ್ಮ ಮೂಗು ಪಕ್ಷಪಾತ ಮಾಡುತ್ತದೆ, ಸರ್" ಎಂದ. ಪರೀಕ್ಷೆಗೆ ಕೂರಿಸಿದವನನ್ನೇ ಪರೀಕ್ಷೆಗೆ ಕೂರಿಸಿದ ಖುಷಿ ಅವನ ಮುಖದಲ್ಲಿ ಕಾಣುತ್ತಿತ್ತು.

ಮೊದಲನೆಯದು ಕಲ್ ಈಲಾ. 8 ವರ್ಷ, ಹಲವು ಸಲ ಬಳಸಿ ಸಾರ ಹೋದ ಹಾಗ್ಸ್‌ಹೆಡ್ ಎಂಬ ದೊಡ್ಡ ಪೀಪಾಯಿ, ನೀರು ಬೆರೆಸದ ಶೇಕಡಾ 57 ಆಲ್ಕೋಹಾಲ್. (ಇಂಗ್ಲಿಷಿನಲ್ಲಿ ಈ ಹೆಸರನ್ನು ಓದಿ ಎಡವದವರಿಲ್ಲ. ಕನ್ನಡ ಲಿಪಿಯಲ್ಲಿ ಕೇಳಿದಂತೆ ಬರೆದುಬಿಡಬಹುದು.) ಐಲಾ ದ್ವೀಪದ ಅತಿ ದೊಡ್ಡ ಡಿಸ್ಟಿಲರಿ ಇದು, 1846ರಿಂದ ಅಲ್ಲಿದೆ. ತಯಾರಾದದ್ದರಲ್ಲಿ ಹೆಚ್ಚಿನ ಪಾಲು ಜಾನಿ ವಾಕರ್‌ನಂಥ ಮಿಶ್ರಣಗಳಿಗೆ ಹೋಗುತ್ತದೆ. ಅಷ್ಟು ಹೇರಳವಾಗಿ ತಯಾರಾಗುವುದರಿಂದಲೇ ಇದರ ಪೀಪಾಯಿಗಳು ವರ್ತಕರ ಕೈಗೂ ಸಿಗುತ್ತವೆ.

ಬಣ್ಣ ಒಣಹುಲ್ಲನ್ನು ನೆನೆಸಿದ ನೀರಿನಷ್ಟು ತೆಳು. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ, ನನಗೆ ಇದೇ ಮೊದಲ ಒಳ್ಳೆಯ ಲಕ್ಷಣ. ಮೂಗಿಗೆ ಮೊದಲು ಬಂದದ್ದು ನೀರು ಸುರಿದು ಆರಿಸಿದ ಒಲೆ. ಹಿಂದೆಯೇ ನಿಂಬೆಯ ಸಿಪ್ಪೆ, ಒದ್ದೆ ಕಲ್ಲು, ಹಲಗೆಗೆ ಬಳಿದ ಟಾರು. ಪ್ರಯೋಗಾಲಯದ ಭಾಷೆಯಲ್ಲಿ ಹೇಳುವುದಾದರೆ ಗ್ವಾಯಕಾಲ್ ಮುಂದೆ, ಕ್ರೆಸಾಲ್ ಹಿಂದೆ. ಅಂದರೆ ಹೊಗೆ ಜಾಸ್ತಿ, ಆಸ್ಪತ್ರೆ ಕಡಿಮೆ. ಸ್ವಲ್ಪ ನೀರು ಬಿಟ್ಟೆ. ಗ್ಲಾಸಿನಲ್ಲಿ ತೆಳುವಾದ ಮಬ್ಬು ಕವಿಯಿತು. ತಣ್ಣಗೆ ಮಾಡಿ ಸೋಸದ ವಿಸ್ಕಿಯಲ್ಲಿ ಕೊಬ್ಬಿನಾಮ್ಲಗಳ ಎಸ್ಟರ್‌ಗಳು ಹಾಗೆಯೇ ಉಳಿದಿರುತ್ತವೆ, ನೀರು ಹೆಚ್ಚಾದಾಗ ಕರಗಿರಲಾರದೆ ಹೊರಬರುತ್ತವೆ. ನಾಲಿಗೆಯ ಮೇಲೆ ಎಣ್ಣೆಯಂತೆ ಹರಡುವುದೂ ಅವುಗಳ ಕಾರಣಕ್ಕೇ. ಸಿಹಿ, ಉಪ್ಪು, ಕೊನೆಗೆ ಬೂದಿ. ಬೂದಿ ಬಹಳ ಹೊತ್ತು ಉಳಿಯಿತು.

ಇದು ಎಳೆಯದು ಎಂದು ಯಾರೂ ಕ್ಷಮೆ ಕೇಳಬೇಕಿಲ್ಲ. ಮೊಳಕೆ ಬರಿಸಿದ ಬಾರ್ಲಿಯನ್ನು ಪೀಟ್ ಹೊಗೆಯಲ್ಲಿ ಒಣಗಿಸಿದಾಗ ಹತ್ತಿದ ಫೀನಾಲ್‌ನ ಒಂದಷ್ಟು ಪಾಲು ಕುದಿಸಿ ಬಟ್ಟಿ ಇಳಿಸುವಾಗಲೇ ಹೋಗುತ್ತದೆ. (ಚೀಟಿಗಳ ಮೇಲೆ ಮೆರೆಯುವ ಪಿಪಿಎಂ ಅಂಕಿ, ಅಂದರೆ ಹತ್ತು ಲಕ್ಷ ಭಾಗಕ್ಕೆ ಫೀನಾಲ್ ಎಷ್ಟು ಎಂಬ ಲೆಕ್ಕ, ಸಾಮಾನ್ಯವಾಗಿ ಬಾರ್ಲಿಯದು, ಬಾಟಲಿಯದಲ್ಲ. ಮಾರುವವರು ಇದನ್ನು ಅಷ್ಟಾಗಿ ಹೇಳುವುದಿಲ್ಲ.) ಉಳಿದ ಹೊಗೆಯೂ ಪೀಪಾಯಿಯಲ್ಲಿ ವರ್ಷ ಕಳೆದಂತೆ ಮಂಕಾಗುತ್ತದೆ. ಕಾನೂನು ಕೇಳುವುದು ಓಕ್ ಪೀಪಾಯಿಯಲ್ಲಿ 3 ವರ್ಷ ಮಾತ್ರ. ಹೊಗೆಗಾಗಿಯೇ ಕುಡಿಯುವವನು ಇಪ್ಪತ್ತೈದು ವರ್ಷ ಕಾಯುವುದೇಕೆ?

ಎರಡನೆಯದು ಲೆಡ್ಚಿಗ್, 9 ವರ್ಷ, ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಪೀಪಾಯಿ. ಮಲ್ ದ್ವೀಪದ ಟೋಬರ್‌ಮೋರಿ ಡಿಸ್ಟಿಲರಿ ತನ್ನ ಹೊಗೆಯ ವಿಸ್ಕಿಗೆ ಇಟ್ಟಿರುವ ಹೆಸರು ಇದು. ಇದರ ಹೊಗೆ ಸಭ್ಯವಲ್ಲ. ಸುಟ್ಟ ರಬ್ಬರು, ಕೊಟ್ಟಿಗೆ, ಕರಿಮೆಣಸು, ಬಿಸಿಲಿಗೆ ಬಿಟ್ಟ ಮೀನಿನ ಬಲೆ. ಮೊದಲ ಗುಟುಕಿಗೆ ಶೀಶೆಯನ್ನು ದೂರ ತಳ್ಳಿದೆ. ಮೂರನೆಯದಕ್ಕೆ ಹತ್ತಿರ ಎಳೆದುಕೊಂಡೆ. ಹೊಗೆಯ ವಿಸ್ಕಿಯನ್ನು ಮೊದಲ ಸಲ ಕುಡಿಯುವವರಿಗೆ ಇದನ್ನು ಕೊಡಬೇಡಿ, ಮತ್ತೆಂದೂ ನಿಮ್ಮ ಮಾತು ನಂಬುವುದಿಲ್ಲ.

ಸ್ಟೂಶಾ, 6 ವರ್ಷ. ಸಾಮಾನ್ಯವಾಗಿ ಹೊಗೆ ಹಾಕದ ಬೂನಹಾವೆನ್ ಡಿಸ್ಟಿಲರಿಯವರ ಹೊಗೆ ಹಾಕಿದ ಕೂಸು. ವೆನಿಲ್ಲಾ, ಪೇರು ಹಣ್ಣು, ಕೆಂಡ. ಚೆನ್ನಾಗಿದೆ. ಮರುದಿನ ನೆನಪಿರಲಿಲ್ಲ.

ನಾಲ್ಕನೆಯದರ ಚೀಟಿಯಲ್ಲಿ ಡಿಸ್ಟಿಲರಿಯ ಹೆಸರೂ ಇರಲಿಲ್ಲ, "ಐಲಾ, 5 ವರ್ಷ, ಕೊನೆಗೆ ಕೆಂಪು ವೈನಿನ ಪೀಪಾಯಿ" ಎಂದಷ್ಟೇ ಇತ್ತು. ಬಣ್ಣ ತುಕ್ಕು ಹಿಡಿದ ಗುಲಾಬಿ. ಮೂಗಿಗೆ ಗೀರಿದ ಬೆಂಕಿಕಡ್ಡಿ, ಸೀದ ಜಾಮ್. ನಾಲಿಗೆಗೆ ಒಂದು ಕಡೆ ಹೊಗೆ, ಇನ್ನೊಂದು ಕಡೆ ಒಗರು ವೈನು. ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಇದ್ದವು. ನೀರು ಬಿಟ್ಟರೆ ಇನ್ನೂ ಕೆಟ್ಟಿತು. ಬರೀ ಬಾರ್ಲಿ ಮತ್ತು ಹೊಗೆ ಸಾಕಾಗುವುದಿಲ್ಲ ಎಂದು ಹೆದರಿದ ಯಾರೋ ಕೂಸಿಗೆ ಜರತಾರಿ ಅಂಗಿ ತೊಡಿಸಿದ್ದಾರೆ. ಮುದಿ ಪೀಪಾಯಿಯಲ್ಲಿ ಸುಮ್ಮನೆ ಬಿಟ್ಟಿದ್ದರೆ ಕಲ್ ಈಲಾದ ಪಕ್ಕದಲ್ಲಿ ಕೂರಬಹುದಾಗಿತ್ತೋ ಏನೋ. ತುಂಬಿದವರ ಹೆಸರು ಆಮೇಲೆ ತಿಳಿಯಿತು, ಇಲ್ಲಿ ಬರೆಯುವುದಿಲ್ಲ. ಅವರದೇ ಬೇರೆ ಬಾಟಲಿಗಳನ್ನು ಇಷ್ಟಪಟ್ಟು ಕುಡಿದವನು ನಾನು.

ಅಂಕ ಬೇಕೇ ಬೇಕು ಎಂದ ಶಿಷ್ಯ. ನೂರಕ್ಕೆ ಕಲ್ ಈಲಾ 89, ಲೆಡ್ಚಿಗ್ 86, ಸ್ಟೂಶಾ 81. ನಾಲ್ಕನೆಯದು ಅನುತ್ತೀರ್ಣ.

ಶೀಶೆಗಳನ್ನು ಹಿಂದಿರುಗಿಸುವಾಗ ಕಲ್ ಈಲಾದಲ್ಲಿ ಎರಡು ಗುಟುಕು ಉಳಿಸಿ ಕೊಡುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದೆ. ಉಳಿಯಲಿಲ್ಲ.